ಬಿಸಿಯೂಟ ಉಂಡು ಮಕ್ಕಳಿಗೆ ವಾಂತಿಯಾದರೆ, ಚೆನ್ನಾಗಿರುವ ಮಕ್ಕಳನ್ನೂ ಆರೋಗ್ಯ ಇಲಾಖೆಯವರು ವಿಚಾರಿಸುವುದೇಕೆ?

ಹೋಲಿಸಿ ನೋಡಲು. ಕಾಯಿಲೆ ಬಿದ್ದವರನ್ನಷ್ಟೇ ಕೇಳಿದರೆ ಎಲ್ಲರೂ "ಅನ್ನ, ಸಾಂಬಾರು, ಮೊಟ್ಟೆ ತಿಂದೆ" ಅನ್ನುತ್ತಾರೆ. ಕೆಟ್ಟಿದ್ದು ಯಾವುದೆಂದು ಗೊತ್ತಾಗುವುದಿಲ್ಲ. ಅದೇ ಅನ್ನ-ಸಾಂಬಾರು ಉಂಡೂ ಆರಾಮಾಗಿರುವ ಮಕ್ಕಳಲ್ಲಿ ಹೆಚ್ಚಿನವರು ಮೊಟ್ಟೆ ಬಿಟ್ಟು ಬಾಳೆಹಣ್ಣು ತಿಂದವರಾದರೆ, ಅನುಮಾನ ಮೊಟ್ಟೆಯ ಕಡೆ ತಿರುಗುತ್ತದೆ.

ಎಷ್ಟು ಹೊತ್ತಿಗೆ ಶುರುವಾಯಿತು ಎಂದೂ ಕೇಳುತ್ತಾರೆ. ಉಂಡ 1ರಿಂದ 6 ಗಂಟೆಯೊಳಗೆ ವಾಂತಿಯಾದರೆ, ಬ್ಯಾಕ್ಟೀರಿಯಾ ಆಹಾರದಲ್ಲಿ ಮೊದಲೇ ಬಿಟ್ಟ ವಿಷ ಕಾರಣವಿರಬಹುದು. ದೊಡ್ಡ ಪಾತ್ರೆಯಲ್ಲಿ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇಂಥ ವಿಷ ಬಿಡುತ್ತದೆ. ಮತ್ತೆ ಕುದಿಸಿದರೂ ಅದು ಹೋಗುವುದಿಲ್ಲ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣವಾದರೆ ಲಕ್ಷಣ ಕಾಣಲು ಒಂದೆರಡು ದಿನವೂ ಹಿಡಿಯಬಹುದು, ಹಾಗಾಗಿ ಹಿಂದಿನ ದಿನಗಳ ಊಟವನ್ನೂ ಕೆದಕುತ್ತಾರೆ.

ಒಂದು ವಿನಂತಿ: ಗಾಬರಿಯಲ್ಲಿ ಉಳಿದದ್ದನ್ನು ಚೆಲ್ಲಿ ಪಾತ್ರೆ ತೊಳೆದುಬಿಡಬೇಡಿ. ತಳದಲ್ಲಿ ಒಂದು ಸೌಟು ಸಾಂಬಾರು ಉಳಿದಿದ್ದರೂ ಮುಚ್ಚಿಡಿ, ಪ್ರಯೋಗಾಲಯಕ್ಕೆ ಅದು ಬೇಕು.