ಮಗನ ರಕ್ತ ಆಯಿಗೆ ಯಾಕೆ ಕೊಡಲಿಲ್ಲ?

ಶಿರಸಿಯ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ. ಅವರ ಆಯಿಗೆ ಕರಾವಳಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಆಯಿಯದು ಬಿ ಪಾಸಿಟಿವ್, ತಮ್ಮನದು ಓ ಪಾಸಿಟಿವ್. ತಮ್ಮ ದೇವಿಮನೆ ಘಟ್ಟ ಇಳಿದು ಬಂದು ರಕ್ತ ಕೊಟ್ಟ. ಬ್ಲಡ್ ಬ್ಯಾಂಕಿನವರು ಅದನ್ನು ಒಳಗಿಟ್ಟುಕೊಂಡು ಬೇರೆ ಯಾರದೋ ಬಿ ಪಾಸಿಟಿವ್ ಕೊಟ್ಟರು. ‘ಓ ಎಲ್ಲರಿಗೂ ಆಗುತ್ತದೆ ಅಲ್ವಾ? ಹೆತ್ತ ಮಗನ ರಕ್ತಕ್ಕಿಂತ ಯಾರದೋ ರಕ್ತ ಹೆಚ್ಚಾಯಿತೇ?’

ಬ್ಲಡ್ ಬ್ಯಾಂಕಿನವರು ಮಾಡಿದ್ದು ಸರಿ. ನಿಮ್ಮ ಸಿಟ್ಟೂ ಅರ್ಥವಾಗುತ್ತದೆ.

ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ತೋರಿಸಿಕೊಟ್ಟರು. ಕೆಂಪು ಕಣದ ಮೇಲೆ ಎ, ಬಿ ಎಂಬ ಗುರುತುಗಳಿರುತ್ತವೆ. ಓ ಕಣದ ಮೇಲೆ ಎರಡೂ ಇಲ್ಲ. ಹಾಗಾಗಿ ಆಯಿಯ ದೇಹ ಅದರ ತಂಟೆಗೆ ಹೋಗುವುದಿಲ್ಲ. ‘ಎಲ್ಲರಿಗೂ ಆಗುತ್ತದೆ’ ಎನ್ನುವುದು ಇಷ್ಟಕ್ಕೇ. ಓ ರಕ್ತದ ಪ್ಲಾಸ್ಮಾದಲ್ಲಿ (ಕಣಗಳು ತೇಲುವ ದ್ರವದಲ್ಲಿ) ಎ, ಬಿ ಎರಡಕ್ಕೂ ವೈರಿಗಳಿವೆ, ಅಂದರೆ ಆಯಿಯ ಬಿ ಕಣಗಳಿಗೂ. ಪ್ಲಾಸ್ಮಾ ತೆಗೆದ ಓ ಕಣಗಳನ್ನು ತುರ್ತಿನಲ್ಲಿ ಕೊಡುತ್ತಾರೆ. ಆದರೆ ಬಿ ಸಿಕ್ಕಾಗ ಓ ಯಾಕೆ ಖರ್ಚು ಮಾಡಬೇಕು? ಓ ರೋಗಿಗೆ ಓ ಬಿಟ್ಟು ಬೇರೆ ಯಾವುದೂ ಆಗುವುದಿಲ್ಲ. ನೆಗೆಟಿವ್ ಆದರಂತೂ ಹುಡುಕಾಟ ಇನ್ನೂ ಜಾಸ್ತಿ.

ಇನ್ನೊಂದು ವಿಷಯವನ್ನು ಆಸ್ಪತ್ರೆಯಲ್ಲಿ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಗುಂಪು ಹೊಂದಿದರೂ ಹತ್ತಿರದ ಸಂಬಂಧಿಕರ ರಕ್ತವನ್ನು ವೈದ್ಯರು ಆದಷ್ಟು ತಪ್ಪಿಸುತ್ತಾರೆ. ದಾನಿಯ ರಕ್ತದಲ್ಲಿ ಒಂದಷ್ಟು ಬಿಳಿ ಕಣಗಳೂ ಇರುತ್ತವೆ. ಹೊರಗಿನವರದಾದರೆ ರೋಗಿಯ ದೇಹ ಗುರುತು ಹಿಡಿದು ಮುಗಿಸುತ್ತದೆ. ಮಗನವು ಮನೆಯವರಂತೆಯೇ ಕಾಣುತ್ತವೆ. ಒಮ್ಮೊಮ್ಮೆ ಅವು ಒಳಗೇ ಬೀಡುಬಿಟ್ಟು ಆಯಿಯ ದೇಹದ ಮೇಲೇ ತಿರುಗಿ ಬೀಳುತ್ತವೆ. ಇದು ತೀರಾ ಅಪರೂಪ. ಆದರೆ ಬಂದರೆ ಉಳಿಯುವುದು ಕಷ್ಟ. ಕೊಡಲೇಬೇಕಾದರೆ ಆ ಬಿಳಿ ಕಣಗಳ ಆಟ ನಿಲ್ಲಿಸಲು ಮೊದಲು ರಕ್ತಕ್ಕೆ ವಿಕಿರಣ ಹಾಯಿಸುತ್ತಾರೆ. ಆ ಯಂತ್ರ ಎಲ್ಲ ಕಡೆ ಇರುವುದಿಲ್ಲ. ‘ರಕ್ತ ಸಂಬಂಧ’ ಎಂಬ ಮಾತು ಇಲ್ಲಿ ಉಲ್ಟಾ ಹೊಡೆಯುತ್ತದೆ ನೋಡಿ.

ಆಯಿ ಬಿ, ಮಗ ಓ ಹೇಗೆ ಎಂದೂ ಕೇಳಿದ್ದೀರಿ. ತಲೆ ಕೆಡಿಸಿಕೊಳ್ಳಬೇಡಿ. ಆಯಿಯಲ್ಲಿ ಬಿ ಜೊತೆ ಒಂದು ಓ ಅಡಗಿದೆ, ಅಪ್ಪನಿಂದಲೂ ಒಂದು ಓ ಬಂದಿದೆ. ಅಷ್ಟೇ.

ತಮ್ಮನ ರಕ್ತವನ್ನು ಒಳಗಿಟ್ಟಿದ್ದು ಸುಮ್ನೆ ಅಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಇಷ್ಟನ್ನೂ ಪರೀಕ್ಷೆ ಮಾಡದೆ ಯಾರಿಗೂ ಏರಿಸುವಂತಿಲ್ಲ. ಆಮೇಲೆ ಕೆಂಪು ಕಣ ಫ್ರಿಜ್ಜಿನಲ್ಲಿ ಐದಾರು ವಾರ ಇರುತ್ತದೆ. ಪ್ಲೇಟ್‌ಲೆಟ್ ಫ್ರಿಜ್ಜಿನ ಹೊರಗೆ ಐದೇ ದಿನ.

ಆಯಿ ಈಗ ಹುಷಾರಾಗಿದ್ದಾರೆ, ತಮ್ಮ ಮಾತ್ರ ಇನ್ನೂ ಮುಖ ಊದಿಸಿಕೊಂಡಿದ್ದಾನೆ ಎಂದು ಬರೆದಿದ್ದೀರಿ. ಅವನಿಗೆ ಈ ಪುಟ ಓದಲು ಕೊಡಿ. 90 ದಿನ ಕಳೆದ ಮೇಲೆ ಅವನು ಮತ್ತೆ ರಕ್ತ ಕೊಡಬಹುದು. ಈ ಸಲ ಘಟ್ಟ ಇಳಿಯುವುದೇನೂ ಬೇಡ.