ಶಾಸಕರಿಗಿಂತ ಮೊದಲು ಯಾರನ್ನು ಕರೆಯಬೇಕು?

ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿರುವ ಓದುಗರಿಗೆ,

ನಿಮ್ಮ ಪತ್ರ ನಾಲ್ಕು ಪುಟ ಇದೆ. ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಹೇಳುತ್ತೇನೆ. ನಿಮ್ಮೂರಿನ ಪಂಚಾಯತಿ ಲೈಬ್ರರಿ ಎರಡು ಮಳೆಗಾಲದಿಂದ ಸೋರುತ್ತಿದೆ. ಶಾಸಕರು ಬಂದು ನೋಡಿದರೆ ರಿಪೇರಿ ಆದೀತೆಂದು ಹುಡುಗರು ಚಂದಾ ಎತ್ತಿ ಶಾಮಿಯಾನ ಹಾಕಿಸಿದರು. ಶಾಸಕರು ಎರಡೂವರೆ ಗಂಟೆ ತಡವಾಗಿ ಬಂದರು, ದೀಪ ಹಚ್ಚಿದರು, ಮಕ್ಕಳಲ್ಲಿ ಓದುವ ಹವ್ಯಾಸ ಕಡಿಮೆಯಾಗುತ್ತಿದೆ ಎಂದು ಬೇಸರಪಟ್ಟರು, ಲೈಬ್ರರಿಯ ಹೊಸ್ತಿಲು ದಾಟದೆಯೇ ಕಾರು ಹತ್ತಿದರು. ‘ಇನ್ನು ಮೇಲೆ ಇವರನ್ನೆಲ್ಲ ಕರೆಯುವುದೇ ಬೇಡ ಅಲ್ಲವೇ ಸಾರ್?’ ಎಂದು ಕೇಳಿದ್ದೀರಿ.

ಕರೆಯಬೇಕು. ಆದರೆ ನೀವು ಕರೆದದ್ದು ಮುಖ್ಯ ಅತಿಥಿಯನ್ನು, ಬಂದದ್ದೂ ಮುಖ್ಯ ಅತಿಥಿಯೇ. ಪೇಟ ತೊಡಿಸಿ, ಶಾಲು ಹೊದಿಸಿದ ಮೇಲೆ ಸೋರುವ ಸೂರಿನ ಮಾತೆತ್ತುವುದು ಮದುವೆ ಮನೆಯಲ್ಲಿ ಸಾಲ ಕೇಳಿದ ಹಾಗೆ. ನಿಮ್ಮಲ್ಲಿ ಯಾರೂ ಎತ್ತಲಿಲ್ಲ ಎಂದು ನೀವೇ ಬರೆದಿದ್ದೀರಿ.

ಇನ್ನೊಂದು ವಿಷಯ. ಗ್ರಾಮ ಪಂಚಾಯತಿ ಲೈಬ್ರರಿಗಳು ಮೊದಲು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿದೆ. ಅದಕ್ಕೂ ಮೊದಲೇ ಸಂವಿಧಾನದ 11ನೇ ಅನುಸೂಚಿ ಪಂಚಾಯತಿಗಳಿಗೆ ಕೊಡಬಹುದೆಂದು ಹೆಸರಿಸಿದ 29 ವಿಷಯಗಳಲ್ಲಿ ಗ್ರಂಥಾಲಯವೂ ಒಂದು. ಎಂದರೆ ಮೂವತ್ತು ಮೈಲಿ ದೂರದ ಶಾಸಕರಿಗಿಂತ ಮೊದಲು ಕರೆಯಬೇಕಾದವರು ದಿನಾ ಬೆಳಿಗ್ಗೆ ಹಾಲಿನ ಡೇರಿ ಮುಂದೆ ಸಿಗುವ ನಿಮ್ಮ ವಾರ್ಡಿನ ಸದಸ್ಯರು. ನಿಮ್ಮ ಪತ್ರದಲ್ಲಿ ಅವರ ಮಾತೇ ಇಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರಾದರೂ ಇತ್ತೇ?

ಕರೆಯುವ ಮುಂಚೆ ನಿಮ್ಮ ಮನೆ ಕಂದಾಯದ ರಸೀದಿ ಹುಡುಕಿ. ಆರೋಗ್ಯ ಕರ, ಶಿಕ್ಷಣ ಕರಗಳ ನಡುವೆ ಗ್ರಂಥಾಲಯ ಕರವೂ ಇರುತ್ತದೆ. ಅದು ತೆರಿಗೆಯ ಶೇ 6ರಷ್ಟು. ಸಾವಿರ ರೂಪಾಯಿ ಕಂದಾಯಕ್ಕೆ 60 ರೂಪಾಯಿ. ಒಂದು ಮನೆಗೆ ದೊಡ್ಡದಲ್ಲ, ಆದರೆ ಪಂಚಾಯತಿಯ ಎಲ್ಲ ಹಳ್ಳಿಗಳಿಂದ ವರ್ಷಕ್ಕೆ ಎಷ್ಟು ವಸೂಲಾಯಿತು, ಅದರಲ್ಲಿ ಲೈಬ್ರರಿಗೆ ಎಷ್ಟು ಖರ್ಚಾಯಿತು? ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಅರ್ಜಿ ಕೊಡಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಆ ಲೆಕ್ಕ ಕೈಯಲ್ಲಿದ್ದರೆ ನಿಮ್ಮ ಸದಸ್ಯರ ಜೊತೆ ಮಾತು ಬೇರೆಯೇ ಧಾಟಿಯಲ್ಲಿ ಶುರುವಾಗುತ್ತದೆ.

ಈ ಕರ ಸುಮ್ಮನೆ ಬಂದದ್ದಲ್ಲ. ಲೈಬ್ರರಿಗಳು ದಾನಿಗಳ ಮರ್ಜಿಯಲ್ಲಿ ಇರಬಾರದು, ಅವುಗಳಿಗೆ ಕಾನೂನಿನ ಆಸರೆ ಬೇಕು ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ರಾಜ್ಯ ರಾಜ್ಯಗಳಲ್ಲಿ ದಶಕಗಳ ಕಾಲ ಹೋರಾಡಿದರು. ಮದರಾಸಿನಲ್ಲಿ 1948ರಲ್ಲಿ ಕಾಯಿದೆ ಬಂತು, ನಮ್ಮಲ್ಲಿ 1965ರಲ್ಲಿ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಕಾಯಿದೆ ಬಂದು ಇಷ್ಟು ವರ್ಷವಾದರೂ ನಾವು ಲೈಬ್ರರಿಗಾಗಿ ಕೈಮುಗಿದುಕೊಂಡೇ ಹೋಗುತ್ತೇವೆ. ನಾವೇ ಕಟ್ಟಿದ ದುಡ್ಡು ಅದು ಎಂಬುದು ನೆನಪಿರುವುದಿಲ್ಲ.

ಇಷ್ಟಾದ ಮೇಲೆ ಶಾಸಕರು. ಅವರಿಗೆ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ. ‘ಸೂಕ್ತ ಅನುದಾನ ಕೊಡಿಸಿ’ ಎಂದು ಬರೆದರೆ ‘ಪರಿಶೀಲಿಸಿ’ ಎಂಬ ಷರಾದೊಂದಿಗೆ ಅರ್ಜಿ ಊರೂರು ಸುತ್ತುತ್ತದೆ. ಎಂಜಿನಿಯರರಿಂದ ಅಂದಾಜು ಪಟ್ಟಿ, ಪಂಚಾಯತಿಯ ನಿರ್ಣಯದ ಪ್ರತಿ, ಒದ್ದೆಯಾದ ಕಪಾಟಿನ ಫೋಟೋ, ಈ ಮೂರೂ ಇರಲಿ. ಶಾಮಿಯಾನ ಬೇಡ. ಯಾವುದಾದರೂ ಸಂಜೆ ಮಕ್ಕಳು ಓದುತ್ತಿರುವ ಹೊತ್ತಿಗೆ, ಆ ದಾರಿಯಲ್ಲಿ ಅವರು ಬರುವ ದಿನವನ್ನು ಪಿ.ಎ. ಹತ್ತಿರ ಕೇಳಿಕೊಂಡು, ಹದಿನೈದು ನಿಮಿಷಕ್ಕೆ ಕರೆಯಿರಿ. ಮಳೆಗಾಲವಾದರೆ ಇನ್ನೂ ಒಳ್ಳೆಯದು.

ಹೊಸ ಕಟ್ಟಡ ಮಾತ್ರ ಕೇಳಬೇಡಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿಗೆ ಹೊಸ ಲೈಬ್ರರಿ ಕಟ್ಟಡ ಬಂತು. ಉದ್ಘಾಟನೆಯ ಕಲ್ಲಿನ ಮೇಲೆ ಹದಿನಾಲ್ಕು ಹೆಸರು. ಒಂದು ವರ್ಷ ಪುಸ್ತಕಗಳೇ ಬರಲಿಲ್ಲವಾದ್ದರಿಂದ ನಾವು ಅಲ್ಲಿ ಓದಿದ್ದು ಆ ಕಲ್ಲನ್ನೇ. ಹದಿನಾಲ್ಕೂ ಹೆಸರು ಬಾಯಿಪಾಠವಾಗಿತ್ತು. ಕಟ್ಟಡಕ್ಕೆ ಕಲ್ಲು ಹಾಕಿಸಬಹುದು, ಹೆಂಚು ಬದಲಿಸಿದ್ದಕ್ಕೆ ಯಾರೂ ಕಲ್ಲು ಹಾಕಿಸುವುದಿಲ್ಲ. ಅದಕ್ಕೇ ರಿಪೇರಿಗೆ ದುಡ್ಡು ಹುಟ್ಟುವುದು ಕಷ್ಟ.

ಒಂದು ಎಚ್ಚರಿಕೆ. ಅರ್ಜಿಗೆ ಲೈಬ್ರರಿಯ ಮೇಲ್ವಿಚಾರಕಿಯ ಸಹಿ ಹಾಕಿಸಬೇಡಿ. ಅವರ ವೇತನ ಅದೇ ಪಂಚಾಯತಿಯ ಮೂಲಕ ಆಗಬೇಕು. ನಾಳೆ ಮಾತು ಕೇಳಬೇಕಾದವರು ಅವರೇ. ಓದುಗರ ಸಹಿ ಸಾಕು.

ಮುಂದಿನ ವರ್ಷದ ಪಂಚಾಯತಿ ಯೋಜನೆಯ ಮಾತು ಗಾಂಧಿ ಜಯಂತಿಯ ಹೊತ್ತಿಗೆ ಶುರುವಾಗುತ್ತದೆ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹಕ್ಕೆ ಕಾಯಬೇಡಿ, ಆಗ ಎಲ್ಲರೂ ಮತ್ತೆ ಅತಿಥಿಗಳಾಗಿಬಿಡುತ್ತಾರೆ. ವಾರ್ಡ್ ಸಭೆಯಲ್ಲೇ ಬರೆಸಿ. ಎಷ್ಟು ಹೆಂಚು ಬೇಕು ಎಂದು ನಿಮ್ಮ ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ. ಈ ಭಾನುವಾರ ಹುಡುಗರನ್ನು ಸೂರಿನ ಮೇಲೆ ಹತ್ತಿಸಿ ಎಣಿಸಿ, ನನಗೂ ಒಂದು ಸಾಲು ಬರೆಯಿರಿ.

– ಸಂಪಾದಕ