ಪಾಪು ತಲೆ ಆಪರೇಷನ್, ರಕ್ತದ ಚಿಂತೆ

ಪ್ರಶ್ನೆ: ಪಾಪುಗೆ 8 ತಿಂಗಳು, 7 ಕೆಜಿ. ತಲೆಬುರುಡೆ ಮೂಳೆ ಬೇಗ ಕೂಡ್ಕೊಂಡಿದೆ, ಆಪರೇಷನ್‌ಗೆ ರಕ್ತ ರೆಡಿ ಇಟ್ಕೊಳ್ಳಿ ಅಂದಾಗಿಂದ ನಿದ್ದೆನೇ ಇಲ್ಲ ಡಾಕ್ಟ್ರೇ.

ಉತ್ತರ: ಭಯ ಆಗೋದು ಸಹಜಾನೇ ಅಮ್ಮ. ಕೆಜಿಗೆ ಸುಮಾರು 80 ಎಂಎಲ್ ಅಂದ್ರೂ ಪಾಪು ಮೈಯಲ್ಲಿರೋದೇ ಅರ್ಧ ಲೀಟರ್ ಚಿಲ್ಲರೆ ರಕ್ತ, ನಮಗೆ ಒಂದು ಲೋಟ ಹೋದ್ರೆ ಏನೂ ಅನ್ಸಲ್ಲ, ಪಾಪುಗೆ ಅಷ್ಟೇ ಜಾಸ್ತಿ, ಅದಕ್ಕೇ ರೆಡಿ ಇಡೋದು. ಈಗ ಟ್ರಾನೆಕ್ಸಾಮಿಕ್ ಆಸಿಡ್ ಅಂತ ಔಷಧಿ ಇದೆ, ಬಾಣಂತಿಯರಿಗೆ ರಕ್ತಸ್ರಾವ ಆದಾಗ ಕೊಡ್ತಾರಲ್ಲ ಅದೇ, ಹೆಪ್ಪುಗಟ್ಟಿದ್ದು ಬೇಗ ಕರಗದ ಹಾಗೆ ತಡೆಯುತ್ತೆ. ಕೊಯ್ಯೋ ಮುಂಚೆ ನೆತ್ತಿ ಚರ್ಮಕ್ಕೆ ಅಡ್ರಿನಲಿನ್ ಚುಚ್ಚಿದ್ರೆ ಅಲ್ಲಿನ ರಕ್ತನಾಳ ಮುದುರ್ಕೊಳ್ಳುತ್ತೆ. ನೀವು ಈಗ್ಲೇ ಹಿಮೋಗ್ಲೋಬಿನ್ ಚೆಕ್ ಮಾಡ್ಸಿ, ಕಮ್ಮಿ ಇದ್ರೆ ಐರನ್ ಡ್ರಾಪ್ಸ್ ಬಗ್ಗೆ ಕೇಳಿ. ಪಾಪುಗೆ ಯಾವತ್ತಾದ್ರೂ ಫಿಟ್ಸ್ ಬಂದಿದ್ರೆ ಅನಸ್ತೇಷಿಯಾ ಡಾಕ್ಟ್ರಿಗೆ ಮರೀದೆ ಹೇಳಿ.